ಜನ ದೇವರ ಪಕ್ಕ ಕೂರಿಸಿದರೂ ದಾಸನಾಗೇ ಉಳಿದ ಬಂದೇ ನವಾಜ್

ಮಾಡದಕೆರೆ: ಕಲಬುರಗಿಯ ಖಾಜಾ ಬಂದೇ ನವಾಜ್ ಹೆಸರು ಕೇಳದವರು ಈ ಕಡೆ ಕಮ್ಮಿ. ಆದರೆ ಆ ಹೆಸರಿನ ಅರ್ಥ ಕೇಳಿದರೆ ತುಂಬಾ ಜನ ತಲೆ ಕೆರೆದುಕೊಳ್ತಾರೆ. ಬಂದೆ ಅಂದ್ರೆ ದಾಸ. ದೇವರ ದಾಸರ ಮೇಲೆ ಕರುಣೆ ಇಟ್ಟವರು ಅನ್ನೋದು ಆ ಬಿರುದಿನ ಅರ್ಥ. ಅವರ ನಿಜವಾದ ಹೆಸರು ಸಯ್ಯದ್ ಮುಹಮ್ಮದ್ ಹುಸೇನಿ.

1321ರಲ್ಲಿ ದೆಹಲಿಯಲ್ಲಿ ಹುಟ್ಟಿದರು. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನ ದೌಲತಾಬಾದಿಗೆ ಸಾಗಿಸಿದಾಗ ಅಪ್ಪನ ಜೊತೆ ಚಿಕ್ಕ ಹುಡುಗನಾಗಿ ದಕ್ಷಿಣಕ್ಕೆ ಬಂದರು. ಅಪ್ಪ ಅಲ್ಲೇ ತೀರಿಕೊಂಡರು. ಹದಿಹರೆಯದಲ್ಲಿ ದೆಹಲಿಗೆ ವಾಪಸ್ ಹೋಗಿ ಚಿಷ್ತಿ ಸಂತ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರಾದರು. ಗುರುವಿನ ಪಲ್ಲಕ್ಕಿ ಹೊರುವಾಗ ಉದ್ದ ಕೂದಲು ಸಿಕ್ಕಿಹಾಕಿಕೊಂಡರೂ ತುಟಿ ಬಿಚ್ಚದೆ ನಡೆದರಂತೆ. ಅದಕ್ಕೇ ಗೇಸೂದರಾಜ್, ಅಂದ್ರೆ ಉದ್ದ ಕೂದಲಿನವರು ಅಂತ ಹೆಸರು ಬಂತು ಅಂತಾರೆ.

ಆ ಗುರು ತಮ್ಮ ಕಾಲಿಗೆ ಸಾಷ್ಟಾಂಗ ಬೀಳೋದನ್ನ ನಿಲ್ಲಿಸಿದವರು. ನೆಲಕ್ಕೆ ಹಣೆ ಹಚ್ಚೋದು ದೇವರೊಬ್ಬನಿಗೆ ಮಾತ್ರ ಅನ್ನೋದು ಇಸ್ಲಾಂ. ಪ್ರವಾದಿ ಕೂಡ ಅಲ್ಲಿ ದೇವರ ದಾಸ ಮತ್ತು ದೂತ, ಅಷ್ಟೇ. ತಾನೇ ದೇವರು ಅಂದ ಈಜಿಪ್ಟಿನ ಫಿರೌನನ ಕಥೆ ಕುರಾನಿನಲ್ಲಿ ಮತ್ತೆ ಮತ್ತೆ ಬರೋದು ಇದೇ ಕಾರಣಕ್ಕೆ.

ಸೂಫಿಗಳಲ್ಲಿ ಮಾತ್ರ ಈ ವಿಷಯ ಅಷ್ಟು ಸುಲಭಕ್ಕೆ ಮುಗಿದಿರಲಿಲ್ಲ. ತಾನೇ ಸತ್ಯ ಅಂದನೆಂದು ಹೆಸರಾದ ಮನ್ಸೂರ್ ಹಲ್ಲಾಜ್‌ನನ್ನ 922ರಲ್ಲಿ ಬಾಗ್ದಾದಿನಲ್ಲಿ ಕೊಂದಿದ್ದರು. ಸತ್ಯ ಅನ್ನೋದು ದೇವರ ಹೆಸರುಗಳಲ್ಲೊಂದು. ಆಮೇಲೆ ಬಂದ ಇಬ್ನ್ ಅರಬಿಯ ಹಿಂಬಾಲಕರು ಇರೋದೆಲ್ಲಾ ಒಂದೇ ಅಂತ ವಾದ ಹೂಡಿದರು. ಬಂದೇ ನವಾಜ್ ಇದನ್ನ ಒಪ್ಪಲಿಲ್ಲ, ಗಟ್ಟಿಯಾಗೇ ಟೀಕಿಸಿದರು. ಪ್ರೇಮದಲ್ಲಿ ಮುಳುಗಿದವನಿಗೆ ತನ್ನ ಅರಿವೇ ಹೋಗಬಹುದು, ಹಾಗಂತ ಅವನು ದೇವರಾಗಿಬಿಡಲ್ಲ ಅನ್ನೋದು ಅವರ ನಿಲುವು. ಹಾಡು ಕೇಳಿ ಮೈಮರೆಯುತ್ತಿದ್ದ ಸಂತನೇ ಈ ಗೆರೆ ಎಳೆದದ್ದು ಗಮನಿಸಬೇಕು.

1398ರಲ್ಲಿ ತೈಮೂರ್ ದೆಹಲಿಗೆ ನುಗ್ಗೋ ಮುಂಚೆ ಊರು ಬಿಟ್ಟರು. ವಯಸ್ಸು ಎಂಬತ್ತರ ಹತ್ತಿರ. ಗುಜರಾತ್, ದೌಲತಾಬಾದ್ ದಾಟಿ 1400ರ ಸುಮಾರಿಗೆ ಕಲಬುರಗಿಗೆ ಬಂದರು. ಬಹಮನಿ ಸುಲ್ತಾನ ಫಿರೋಜ್ ಷಾ ಮೊದಮೊದಲು ಗೌರವದಿಂದ ಬರಮಾಡಿಕೊಂಡ. ಆತ ಸ್ವತಃ ಓದಿಕೊಂಡವನು, ಸಂತನ ಪಾಂಡಿತ್ಯ ಅವನಿಗೆ ಅಷ್ಟಕ್ಕಷ್ಟೇ ಅನ್ನಿಸಿತು. ಮಗ ಹಸನ್‌ನನ್ನ ಮುಂದಿನ ಸುಲ್ತಾನ ಅಂತ ಆಶೀರ್ವದಿಸಿ ಎಂದು ಕೇಳಿದಾಗ ಬಂದೇ ನವಾಜ್ ಒಪ್ಪಲಿಲ್ಲ. ಸಿಂಹಾಸನ ತಮ್ಮ ಅಹ್ಮದನಿಗೆ ಅಂತ ದೇವರು ಬರೆದಾಗಿದೆ, ತಾನು ಬದಲಿಸೋಕೆ ಯಾರು ಅನ್ನೋ ಅರ್ಥದ ಉತ್ತರ ಹೋಯ್ತಂತೆ. ಸುಲ್ತಾನನಿಗೆ ಸಿಟ್ಟು ಬಂತು. ಕೋಟೆ ಹತ್ತಿರ ಜನಜಂಗುಳಿ ಜಾಸ್ತಿ ಅಂತ ನೆಪ ಹೇಳಿ ಅವರನ್ನ ಊರಾಚೆ ಕಳಿಸಿದ. ಈಗ ದರ್ಗಾ ಇರೋದು ಆ ಕಡೆಯೇ.

1422ರಲ್ಲಿ ಅಹ್ಮದನೇ ಸುಲ್ತಾನನಾದ. ಕೆಲವೇ ವಾರಗಳಲ್ಲಿ, ನವೆಂಬರ್ 1ರಂದು, ನೂರು ದಾಟಿದ್ದ ಬಂದೇ ನವಾಜ್ ತೀರಿಕೊಂಡರು. ಆಮೇಲೆ ದೊಡ್ಡ ಗುಮ್ಮಟ ಎದ್ದಿತು.

ಜನ ಮಾತ್ರ ಅವರು ಎಳೆದ ಗೆರೆಯಲ್ಲಿ ನಿಲ್ಲಲಿಲ್ಲ. ಇನ್ನೂರು ವರ್ಷದ ಹತ್ತಿರ ಆದ ಮೇಲೆ ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫೆರಿಷ್ತಾ ಒಂದು ಸಂಗತಿ ದಾಖಲಿಸಿದ್ದಾನೆ. ಪ್ರವಾದಿ ದೊಡ್ಡವರೋ, ಗೇಸೂದರಾಜರೋ ಅಂತ ಯಾರೋ ದಖ್ಖನಿಯವನೊಬ್ಬನನ್ನ ಕೇಳಿದರಂತೆ. ಪ್ರಶ್ನೆ ಕೇಳಿದ್ದಕ್ಕೇ ಆತ ಬೆರಗಾದ. ಪ್ರವಾದಿ ದೊಡ್ಡವರೇ ಇರಬಹುದು, ಆದರೆ ಗೇಸೂದರಾಜರ ಲೆಕ್ಕವೇ ಬೇರೆ ಅಂದುಬಿಟ್ಟ. ಈ ಮಾತು ಕೇಳಿದ್ದರೆ ಮೊದಲು ಬೆಚ್ಚಿಬೀಳ್ತಿದ್ದವರು ಬಂದೇ ನವಾಜರೇ.

ಪ್ರತಿ ವರ್ಷ ಜಿಲ್‌ಕಾದ್ ತಿಂಗಳಲ್ಲಿ ಉರುಸು ನಡೆಯುತ್ತೆ. ಗಂಧದ ಮೆರವಣಿಗೆ ಹೊರಡುತ್ತೆ. ಹಿಂದೂಗಳೂ ಮುಸ್ಲಿಮರೂ ಸಕ್ಕರೆ, ಹೂವಿನ ಚಾದರ ಹಿಡಿದು ಸಾಲಲ್ಲಿ ನಿಲ್ತಾರೆ.