ಬೆಕ್ಕಿನ ಡಬ್ಬಿಗೆ ಮಣ್ಣು ತುಂಬಿ ಕೋಟ್ಯಧೀಶನಾದ ಎಡ್ವರ್ಡ್ ಲೋ: ಬೆಕ್ಕು ಸೇಡಿಗಾಗಿ ಹಾಸಿಗೆ ಒದ್ದೆ ಮಾಡುತ್ತದೆಯೇ?

ಬೈದರೆ ಬೆಕ್ಕು ಮನಸ್ಸಿನಲ್ಲಿಟ್ಟುಕೊಂಡು ಹಾಸಿಗೆ ಮೇಲೆ ಉಚ್ಚೆ ಹೊಯ್ದು ಸೇಡು ತೀರಿಸಿಕೊಳ್ಳುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದನ್ನು ನಂಬಿ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ದೂರದ ಊರಿನಲ್ಲಿ ಬಿಟ್ಟು ಬರುವವರೂ ಇದ್ದಾರೆ. ಈ ಮಾತು ಸುಳ್ಳು. ಅದು ಯಾಕೆ ಸುಳ್ಳು ಎಂದು ತಿಳಿಯಲು, ಬೆಕ್ಕಿನ ಡಬ್ಬಿಯಿಂದಲೇ ಬದುಕು ಕಟ್ಟಿಕೊಂಡ ಒಬ್ಬ ಮನುಷ್ಯನ ಕಥೆ ನೋಡೋಣ.

ಮರದ ಹೊಟ್ಟು ಮಾರುವ ಮನೆ

ಎಡ್ವರ್ಡ್ ಲೋ ಹುಟ್ಟಿದ್ದು 1920ರಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿ. ಬೆಳೆದದ್ದು ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿದ್ದ ಲೋ, ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಅಪ್ಪನ ವ್ಯಾಪಾರಕ್ಕೆ ಸೇರಿದ. ಕಾರ್ಖಾನೆಯ ನೆಲದ ಮೇಲೆ ಚೆಲ್ಲಿದ ಎಣ್ಣೆ, ಗ್ರೀಸ್ ಹೀರಿಕೊಳ್ಳಲು ಬೇಕಾಗುವ ಮರದ ಹೊಟ್ಟು ಮಾರುವುದು ಅವರ ಕಸುಬು.

ಮರದ ಹೊಟ್ಟಿನ ದೊಡ್ಡ ತೊಂದರೆ ಎಂದರೆ ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಹಾಗಾಗಿ ಅವರು ಒಲೆಯಲ್ಲಿ ಒಣಗಿಸಿ ಹರಳು ಮಾಡಿದ ಒಂದು ಬಗೆಯ ಜೇಡಿಮಣ್ಣನ್ನೂ ಮಾರತೊಡಗಿದರು. ಇಂಗ್ಲಿಷಿನಲ್ಲಿ ಇದಕ್ಕೆ ಫುಲ್ಲರ್ಸ್ ಅರ್ಥ್ ಎಂದು ಹೆಸರು. ನಮಗೆ ಇದು ಹೊಸದಲ್ಲ, ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಇದೇ ಜಾತಿಯ ಮಣ್ಣು. ಮುಖದ ಜಿಡ್ಡು ತೆಗೆಯುವ ಗುಣವೇ ಕಾರ್ಖಾನೆಯ ಎಣ್ಣೆಯನ್ನೂ ಹೀರುತ್ತದೆ. ಈ ಮಣ್ಣನ್ನು ಕೋಳಿ ಗೂಡಿಗೆ ಹಾಸಲು ರೈತರಿಗೆ ಮಾರಲು ಲೋ ಯತ್ನಿಸಿದ. ರೈತರು ಕೊಳ್ಳಲಿಲ್ಲ.

1947ರ ಚಳಿ

1947ರ ಜನವರಿ. ಪಕ್ಕದ ಮನೆಯ ಹೆಂಗಸೊಬ್ಬರು ಬೆಕ್ಕಿನ ಡಬ್ಬಿಗೆ ಮರಳು ಕೇಳಿಕೊಂಡು ಬಂದರು. ಅವರ ಮನೆಯ ಮರಳಿನ ರಾಶಿ ಚಳಿಗೆ ಹೆಪ್ಪುಗಟ್ಟಿತ್ತು. ಬದಲಿಗೆ ಬೂದಿ ಹಾಕಿದ್ದರಿಂದ ಬೆಕ್ಕು ಮನೆತುಂಬ ಕಪ್ಪು ಹೆಜ್ಜೆ ಮೂಡಿಸಿತ್ತು. ಲೋ ಮರಳಿನ ಬದಲು ತನ್ನಲ್ಲಿದ್ದ ಜೇಡಿಮಣ್ಣಿನ ಹರಳು ಕೊಟ್ಟು ಕಳಿಸಿದ. ಕೆಲವೇ ದಿನಗಳಲ್ಲಿ ಆಕೆ ಮತ್ತೆ ಬಂದರು, ಅದೇ ಮಣ್ಣು ಬೇಕೆಂದು.

ಲೋ 10 ಕಾಗದದ ಚೀಲಗಳಲ್ಲಿ ತಲಾ 5 ಪೌಂಡ್, ಅಂದರೆ ಸುಮಾರು ಎರಡೂಕಾಲು ಕಿಲೋ ಮಣ್ಣು ತುಂಬಿ, ಮೇಲೆ ಕಿಟ್ಟಿ ಲಿಟರ್ ಎಂದು ಬರೆದ. ಬೆಲೆ 65 ಸೆಂಟ್. ಮರಳು ಪುಕ್ಕಟೆಗೆ ಸಮನಾಗಿ ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ ಎಂದು ಅಂಗಡಿಯವನಿಗೆ ಅನುಮಾನ. ಹಾಗಿದ್ದರೆ ಸುಮ್ಮನೆ ಹಂಚಿಬಿಡು ಎಂದು ಲೋ ಚೀಲಗಳನ್ನು ಬಿಟ್ಟು ಬಂದ. ಪುಕ್ಕಟೆ ಒಯ್ದವರು ಮರಳಿ ಬಂದು ದುಡ್ಡು ಕೊಟ್ಟು ಕೇಳಿದರು.

ಈ ಕಥೆಯನ್ನು ಒಂದೇ ದಿನದ ಅದೃಷ್ಟದಂತೆ ಹೇಳುವುದುಂಟು. ನಿಜದಲ್ಲಿ ಲೋ ವರ್ಷಗಟ್ಟಲೆ ತನ್ನ ಕಾರಿನಲ್ಲಿ ಚೀಲ ತುಂಬಿಕೊಂಡು ಊರೂರು ಅಲೆದ. ಬೆಕ್ಕಿನ ಪ್ರದರ್ಶನಗಳಲ್ಲಿ ಮಳಿಗೆಗೆ ಜಾಗ ಸಿಗಲೆಂದು ಅಲ್ಲಿನ ಬೆಕ್ಕುಗಳ ಡಬ್ಬಿಗಳನ್ನು ತಾನೇ ಸ್ವಚ್ಛ ಮಾಡಿಕೊಟ್ಟ. 1964ರಲ್ಲಿ ದಿನಸಿ ಅಂಗಡಿಗಳಿಗಾಗಿ ಟೈಡಿ ಕ್ಯಾಟ್ ಎಂಬ ಬ್ರಾಂಡ್ ತಂದ. 1990ರಲ್ಲಿ ವ್ಯಾಪಾರವನ್ನು ಸುಮಾರು 20 ಕೋಟಿ ಡಾಲರ್‌ಗೆ ಮಾರಿದ.

ಮಣ್ಣು ಮಾಡುವ ಕೆಲಸ ಏನು?

ಬೆಕ್ಕಿನ ಪೂರ್ವಜ ಒಣ ನಾಡಿನ ಕಾಡುಬೆಕ್ಕು. ನೀರು ಉಳಿಸಲು ಅದರ ದೇಹ ಮೂತ್ರವನ್ನು ತುಂಬಾ ಗಟ್ಟಿಗೊಳಿಸುತ್ತದೆ. ಆ ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ಅದೇ. ಮರಳು ನೀರನ್ನು ಕೆಳಗೆ ಬಿಟ್ಟುಬಿಡುತ್ತದೆ, ಜೇಡಿಮಣ್ಣು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದ ವಾಸನೆ ಕಡಿಮೆ. ಇಂದು ಸಿಗುವ, ಒದ್ದೆಯಾದರೆ ಉಂಡೆಗಟ್ಟುವ ಬೆಂಟೊನೈಟ್ ಲಿಟರ್ ಲೋ ಕಂಡುಹಿಡಿದದ್ದಲ್ಲ. ಅದು ಬಂದದ್ದು 1980ರ ದಶಕದಲ್ಲಿ.

ಹಾಗಂತ ಫೇಸ್‌ಪ್ಯಾಕ್‌ನ ಮುಲ್ತಾನಿ ಪುಡಿಯನ್ನು ಡಬ್ಬಿಗೆ ಸುರಿಯಬೇಡಿ. ಪುಡಿಯಿಂದ ದೂಳು ಏಳುತ್ತದೆ, ಒದ್ದೆಯಾದರೆ ಕೆಸರಾಗುತ್ತದೆ. ಡಬ್ಬಿಗೆ ಬೇಕಾದದ್ದು ಹರಳು.

ಡಬ್ಬಿ ಬಿಟ್ಟು ಹೊರಗೆ ಹೋದರೆ?

ಲೋ ಮಾರಿದ ಮಣ್ಣಿನಿಂದ ಬೆಕ್ಕು ದಿನವಿಡೀ ಮನೆಯೊಳಗೇ ಇರುವುದು ಸುಲಭವಾಯಿತು. ಆದರೆ ಹೊರಗೆ ತನಗಿಷ್ಟವಾದ ಮೂಲೆ ಹುಡುಕಿಕೊಳ್ಳುತ್ತಿದ್ದ ಪ್ರಾಣಿಗೆ ಈಗ ನಾವು ಇಟ್ಟಲ್ಲೇ ಜಾಗ. ಅದು ಹಿಡಿಸದಿದ್ದರೆ ಬೇರೆ ಜಾಗ ನೋಡಿಕೊಳ್ಳುತ್ತದೆ. ಇದರಲ್ಲಿ ಸೇಡು ಏನೂ ಇಲ್ಲ. ಇವನ್ನು ಪರೀಕ್ಷಿಸಿ:

• ದಿನಕ್ಕೆ ಒಮ್ಮೆಯಾದರೂ ಗಲೀಜು ತೆಗೆಯಿರಿ. ನಮಗೆ ನಾರದಿದ್ದರೂ ಬೆಕ್ಕಿನ ಮೂಗಿಗೆ ನಾರುತ್ತದೆ.
• ಬೆಕ್ಕುಗಳ ಸಂಖ್ಯೆಗಿಂತ ಒಂದು ಡಬ್ಬಿ ಹೆಚ್ಚಿರಲಿ, ಬೇರೆ ಬೇರೆ ಜಾಗದಲ್ಲಿರಲಿ.
• ಡಬ್ಬಿ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಲಿ. ವಯಸ್ಸಾದ ಬೆಕ್ಕಿಗೆ ಕೀಲು ನೋವಿರಬಹುದು, ಅದಕ್ಕೆ ಅಂಚು ತಗ್ಗಿರಲಿ.
• ಊಟದ ತಟ್ಟೆಯ ಪಕ್ಕ, ಸದ್ದು ಮಾಡುವ ವಾಷಿಂಗ್ ಮೆಷಿನ್ ಪಕ್ಕ ಬೇಡ.
• ಸುವಾಸನೆಯ ಲಿಟರ್ ನಮಗೆ ಹಿತ, ಅನೇಕ ಬೆಕ್ಕುಗಳಿಗೆ ಅಲ್ಲ. ಲಿಟರ್ ಬದಲಿಸುವುದಾದರೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ.
• ಒದ್ದೆಯಾದ ಜಾಗ ತೊಳೆಯಲು ಅಮೋನಿಯಾ ಇರುವ ಕ್ಲೀನರ್ ಬೇಡ. ಅದು ಮೂತ್ರದಂತೆಯೇ ವಾಸನೆ ಬೀರಿ ಬೆಕ್ಕನ್ನು ಮತ್ತೆ ಅಲ್ಲಿಗೇ ಕರೆಯಬಹುದು. ಕಿಣ್ವ ಇರುವ ಕ್ಲೀನರ್ ಒಳ್ಳೆಯದು.
• ಹೊಡೆಯುವುದು, ಮೂಗನ್ನು ಉಚ್ಚೆಗೆ ಉಜ್ಜುವುದು ಬೇಡವೇ ಬೇಡ. ಹೆದರಿದ ಬೆಕ್ಕು ಇನ್ನೂ ಮರೆಯ ಜಾಗ ಹುಡುಕುತ್ತದೆ.

ಇದು ತುರ್ತು

ಗಂಡು ಬೆಕ್ಕು ಮತ್ತೆ ಮತ್ತೆ ಡಬ್ಬಿಗೆ ಹೋಗಿ ತಿಣುಕುತ್ತಿದ್ದರೆ, ಕೂಗುತ್ತಿದ್ದರೆ, ಒಂದೆರಡು ಹನಿ ಮಾತ್ರ ಬರುತ್ತಿದ್ದರೆ ಅಥವಾ ಏನೂ ಬರದಿದ್ದರೆ, ಮೂತ್ರನಾಳ ಕಟ್ಟಿರಬಹುದು. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಮಲಬದ್ಧತೆ ಎಂದುಕೊಂಡು ಮನೆಮದ್ದು ಮಾಡುತ್ತಾ ಕೂರಬೇಡಿ, ರಾತ್ರಿಯಾದರೂ ಪಶುವೈದ್ಯರ ಹತ್ತಿರ ಒಯ್ಯಿರಿ. ಹೆಣ್ಣು ಬೆಕ್ಕಾದರೂ ಅಷ್ಟೇ, ಇದ್ದಕ್ಕಿದ್ದಂತೆ ಡಬ್ಬಿ ಬಿಟ್ಟಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕು ಇರಬಾರದೇ?

ಇದು ಇನ್ನೊಂದು ಫಾರ್ವರ್ಡ್. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು, ಅದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಎನ್ನುವುದು ನಿಜ. ಆದರೆ ಮಲ ಹೊರಬಿದ್ದ ಮೇಲೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಮನೆಯ ಬೇರೊಬ್ಬರು ದಿನವೂ ಡಬ್ಬಿ ಸ್ವಚ್ಛ ಮಾಡಿದರೆ ಅಪಾಯ ಬಹಳ ತಗ್ಗುತ್ತದೆ. ಯಾರೂ ಇಲ್ಲದಿದ್ದರೆ ಗ್ಲೌಸ್ ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿಯಿಂದಲೂ ಈ ಸೋಂಕು ಬರುತ್ತದೆ. ಬೆಕ್ಕನ್ನು ಮನೆಯಿಂದ ಹೊರಹಾಕುವ ಅಗತ್ಯವಿಲ್ಲ.

ಕೊನೆಗೆ

ಲೋ 1985ರಲ್ಲಿ ಹೆಂಡತಿ ಡಾರ್ಲೀನ್ ಜೊತೆ ಸೇರಿ ಸಣ್ಣ ಉದ್ಯಮಿಗಳಿಗೆ ನೆರವಾಗಲು ಒಂದು ಪ್ರತಿಷ್ಠಾನ ಕಟ್ಟಿದ. 1995ರ ಅಕ್ಟೋಬರ್‌ನಲ್ಲಿ, 75ನೇ ವಯಸ್ಸಿನಲ್ಲಿ, ಫ್ಲಾರಿಡಾದಲ್ಲಿ ತೀರಿಕೊಂಡ. ಕೋಳಿ ಸಾಕುವವರು ಬೇಡವೆಂದ ಮಣ್ಣಿಗೆ ಬೆಲೆ ಬಂದದ್ದು, ಬೆಕ್ಕಿನ ಮನೆಯವರಿಗೆ ಏನು ತೊಂದರೆ ಎಂದು ಆತ ಕಿವಿಗೊಟ್ಟಿದ್ದರಿಂದ. ಡಬ್ಬಿ ಬಿಟ್ಟ ಬೆಕ್ಕೂ ಏನೋ ತೊಂದರೆ ಹೇಳುತ್ತಿರುತ್ತದೆ. ಬೆಕ್ಕು ಸಾಕಿರುವ ನಿಮ್ಮ ಗೆಳೆಯರಿಗೆ ಏನಾದರೂ ಕಳಿಸುವುದಿದ್ದರೆ, ಸೇಡಿನ ಕಥೆಯ ಬದಲು ಮೇಲಿನ ತುರ್ತು ಲಕ್ಷಣಗಳನ್ನು ಕಳಿಸಿ.