ಮುಳಬಾಗಲಿನ ಗುಂಡಪ್ಪನವರು

ಕೋಲಾರ, ಮಾಲೂರು, ಮುಳಬಾಗಲು, ಶ್ರೀನಿವಾಸಪುರ ಸೀಮೆಯಲ್ಲಿ ಡಿ. ವಿ. ಗುಂಡಪ್ಪನವರ ಹೆಸರನ್ನು ಕೇಳದವರು ವಿರಳ. ಕಗ್ಗದ ಕವಿಯೆಂದು ಅವರನ್ನು ಬಲ್ಲವರು ಬಹು ಮಂದಿ. ರಾಜ್ಯಕಾರ್ಯಗಳಲ್ಲಿ ಅವರು ಅಂಜದೆ ಮಾತಾಡಿದ ವೃತ್ತಾಂತವನ್ನು ಬಲ್ಲವರು ಕೆಲವರೇ. ಆದಕಾರಣ ಅದನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಅವರು 1887ನೆಯ ಇಸವಿ ಮಾರ್ಚಿ 17ರಲ್ಲಿ ಮುಳಬಾಗಲಿನಲ್ಲಿ ಹುಟ್ಟಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಹೊಟ್ಟೆಪಾಡಿಗಾಗಿ ಚಿನ್ನದ ಗಣಿಯ ಪ್ರಾಂತದಲ್ಲಿ ಸೋಡಾ ಕಾರ್ಖಾನೆಯಲ್ಲಿಯೂ, ಬೆಂಗಳೂರಿನಲ್ಲಿ ಜಟಕಾ ಬಂಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿಯೂ ದುಡಿದರು. ಕಡೆಗೆ ಪತ್ರಿಕೆಗಳಿಗೆ ಬರೆಯುವ ವೃತ್ತಿಯನ್ನು ಹಿಡಿದರು.

ಆಗ ಮೈಸೂರು ಸಂಸ್ಥಾನದ ದಿವಾನರು ಮಹಾರಾಜರಿಗೆ ಉತ್ತರವಾದಿಗಳೇ ಹೊರತು ಪ್ರಜೆಗಳಿಗಲ್ಲ. 1908ರಲ್ಲಿ ಹುಟ್ಟಿದ ವೃತ್ತಪತ್ರಿಕೆಗಳ ಕಾನೂನಿನಿಂದ, ತನಗೆ ಹಿತವಲ್ಲದ ಪತ್ರಿಕೆಯನ್ನು ನಿಲ್ಲಿಸುವ ಅಧಿಕಾರವು ಸರಕಾರಕ್ಕೆ ಬಂದಿತ್ತು. ಇಂಥ ಕಾಲದಲ್ಲಿ ಗುಂಡಪ್ಪನವರು ಕರ್ನಾಟಕವೆಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿ, ಸರಕಾರದ ಒಳ್ಳೆಯ ಕಾರ್ಯವನ್ನು ಹೊಗಳಿದಂತೆಯೇ ತಪ್ಪನ್ನೂ ಎತ್ತಿ ತೋರಿಸಿದರು. ಆಳುವವರು ಪ್ರಜೆಗಳ ಮಾತಿಗೆ ಕಿವಿಗೊಡಬೇಕೆಂದು ವಾದಿಸಿದರು. ಮುಂದೆ ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾದಾಗಲೂ ಅವರ ಮಾತಿನ ರೀತಿ ಬದಲಾಗಲಿಲ್ಲ. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ಇಂಥ ಧೈರ್ಯವು ಅವರಿಗೆ ಎಲ್ಲಿಂದ ಬಂತು? ಸಾಲಗಾರನು ಸಾಹುಕಾರನೆದುರು ತಲೆಯೆತ್ತಿ ಮಾತಾಡಲಾರನೆಂಬುದು ಹಳ್ಳಿಗಳಲ್ಲಿ ಎಲ್ಲರೂ ಕಂಡ ಸಂಗತಿ. ಗುಂಡಪ್ಪನವರು ಇದನ್ನು ಚೆನ್ನಾಗಿ ಅರಿತಿದ್ದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಅವರಿಗೆ ಪರಮಸ್ನೇಹಿತರು. ಆದರೂ ತಾವು ಮಾಡಿಕೊಟ್ಟ ಕೆಲಸಗಳಿಗೆ ಸರಕಾರದ ಹಣವನ್ನು ಮುಟ್ಟಲು ಗುಂಡಪ್ಪನವರು ಒಪ್ಪಲಿಲ್ಲ. ಅವರು ತೀರಿಹೋದ ಮೇಲೆ, ನಗದು ಮಾಡಿಸದೆ ಇಟ್ಟಿದ್ದ ಚೆಕ್ಕುಗಳು ಪೆಟ್ಟಿಗೆಯಲ್ಲಿ ದೊರೆತವೆಂದು ಹೇಳುತ್ತಾರೆ. ಮನೆಯಲ್ಲಿ ಸಿರಿಯಿದ್ದು ಹೀಗೆ ಮಾಡಿದವರಲ್ಲ. ಕೊರತೆಯಲ್ಲಿಯೇ ಸಂಸಾರವನ್ನು ನಡಿಸಿದವರು.

1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ದೇಶದ ವಿಷಯಗಳನ್ನು ಸಾಮಾನ್ಯರೂ ಓದಿ, ವಿಚಾರಿಸಿ, ತಿಳಿದು ಮಾತಾಡಬೇಕೆಂಬುದೇ ಅದರ ಉದ್ದೇಶ. 1970ರಲ್ಲಿ ತಮಗೆ ಅರ್ಪಿಸಲ್ಪಟ್ಟ ಗೌರವನಿಧಿಯನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. 1975ನೆಯ ಇಸವಿ ಅಕ್ಟೋಬರ್ 7ರಲ್ಲಿ ಅವರು ಮೃತರಾದರು.

ದೊಡ್ಡ ಪದವಿಯಾಗಲಿ ಮಂತ್ರಿಗಿರಿಯಾಗಲಿ ಅವರಿಗಿರಲಿಲ್ಲ. ಆದರೂ ಅಧಿಕಾರಸ್ಥರು ಅವರ ಮಾತನ್ನು ಗಣನೆಗೆ ತಂದುಕೊಂಡರು. ಯಾಕಂದರೆ ಆ ಮಾತನ್ನು ಯಾರೂ ಕೊಂಡುಕೊಳ್ಳಲಾರರೆಂದು ಅವರಿಗೆ ಗೊತ್ತಿತ್ತು. ಪಂಚಾಯಿತಿಯಲ್ಲಿ ನಾಲ್ಕು ಮಂದಿಯ ಮುಂದೆ ನ್ಯಾಯವನ್ನಾಡಬೇಕಾದ ನಾವೂ ನೀವೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವದು ಒಳ್ಳೇದು.