ಜಿಮ್ ಥೋರ್ಪ್

ಜೇಮ್ಸ್ ಫ್ರಾನ್ಸಿಸ್ ಥೋರ್ಪ್ (1887 – ಮಾರ್ಚ್ 28, 1953) ಅಮೆರಿಕ ಸಂಯುಕ್ತ ಸಂಸ್ಥಾನದ ಹೆಸರಾಂತ ಕ್ರೀಡಾಪಟು. ಜಿಮ್ ಥೋರ್ಪ್ ಎಂದೇ ಪ್ರಸಿದ್ಧರಾದ ಇವರು ಕಾರ್ಲೈಲ್ ಶಾಲೆಯ ಪರವಾಗಿ ಕಾಲೇಜು ಫುಟ್‌ಬಾಲ್ ಆಡಿ ಖ್ಯಾತಿ ಗಳಿಸಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದರು. ಹವ್ಯಾಸಿ ಆಟಗಾರರಿಗೆ ಸಂಬಂಧಿಸಿದ ನಿಯಮದ ಕಾರಣದಿಂದ ಮರುವರ್ಷವೇ ಆ ಪದಕಗಳನ್ನು ಅವರಿಂದ ಹಿಂಪಡೆಯಲಾಯಿತು. ಆ ಗೌರವ ಪೂರ್ಣವಾಗಿ ಅವರ ಹೆಸರಿಗೆ ಮರಳಿದ್ದು 2022ರಲ್ಲಿ.

ಬಾಲ್ಯ ಮತ್ತು ಶಿಕ್ಷಣ

ಥೋರ್ಪ್ ಇಂದಿನ ಒಕ್ಲಹೋಮ ರಾಜ್ಯದ ಪ್ರೇಗ್ ಪಟ್ಟಣದ ಸಮೀಪ ಜನಿಸಿದರು. ತಂದೆ ಹೈರಮ್ ಥೋರ್ಪ್, ತಾಯಿ ಶಾರ್ಲಟ್ ವ್ಯೂ. ಇಬ್ಬರಲ್ಲಿಯೂ ಐರೋಪ್ಯ ಮತ್ತು ಮೂಲನಿವಾಸಿ ರಕ್ತಸಂಬಂಧವಿತ್ತು. ಥೋರ್ಪ್ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವರಾಗಿ ಬೆಳೆದರು. ಆ ಬುಡಕಟ್ಟಿನ ಭಾಷೆಯಲ್ಲಿ ಅವರಿಗಿಟ್ಟ ಹೆಸರು ವಾ-ಥೋ-ಹಕ್. ಬೆಳಕು ತುಂಬಿದ ಹಾದಿ ಎಂಬುದು ಅದರ ಸ್ಥೂಲ ಅರ್ಥ. ಅವಳಿ ಸಹೋದರ ಚಾರ್ಲಿ ಬಾಲ್ಯದಲ್ಲಿಯೇ ತೀರಿಕೊಂಡನು. ಕೆಲವು ವರ್ಷಗಳ ಬಳಿಕ ತಾಯಿಯೂ ನಿಧನರಾದರು.

1904ರಲ್ಲಿ ಥೋರ್ಪ್ ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಕೈಗಾರಿಕಾ ಶಾಲೆಗೆ ಸೇರಿದರು. 1879ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ವಸತಿ ಶಾಲೆಯ ಉದ್ದೇಶ ಮೂಲನಿವಾಸಿ ಮಕ್ಕಳನ್ನು ಅವರ ಭಾಷೆ, ಉಡುಪು ಮತ್ತು ಆಚಾರಗಳಿಂದ ಬಿಡಿಸಿ ಬಿಳಿಯರ ಜೀವನಕ್ರಮಕ್ಕೆ ಒಗ್ಗಿಸುವುದಾಗಿತ್ತು. ಅಲ್ಲಿನ ತರಬೇತುದಾರ ಗ್ಲೆನ್ ಪಾಪ್ ವಾರ್ನರ್ 1907ರಲ್ಲಿ ಥೋರ್ಪ್ ಅವರ ಪ್ರತಿಭೆಯನ್ನು ಗುರುತಿಸಿದರು.

ಕಾಲೇಜು ಫುಟ್‌ಬಾಲ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಎದುರಾಳಿಗಳ ಅಂತಿಮ ಗೆರೆ ದಾಟಿಸಿದರೆ ಟಚ್‌ಡೌನ್, ಒದ್ದು ಗೋಲುಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿನಿಂದ ಕಳುಹಿಸಿದರೆ ಫೀಲ್ಡ್ ಗೋಲ್. ಓಡುವುದು, ಒದೆಯುವುದು, ಎದುರಾಳಿಯನ್ನು ಹಿಡಿದು ಕೆಡಹುವುದು ಈ ಮೂರರಲ್ಲಿಯೂ ಥೋರ್ಪ್ ನಿಪುಣರಾಗಿದ್ದರು. 1911ರಲ್ಲಿ ಕಾರ್ಲೈಲ್ ತಂಡವು ಬಲಿಷ್ಠ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು 18–15ರಿಂದ ಸೋಲಿಸಿತು. ಕಾಲಿಗೆ ಪೆಟ್ಟಾಗಿದ್ದರೂ ಥೋರ್ಪ್ ಆ ಪಂದ್ಯದಲ್ಲಿ ನಾಲ್ಕು ಫೀಲ್ಡ್ ಗೋಲ್‌ಗಳನ್ನು ಹೊಡೆದರು. 1912ರಲ್ಲಿ ಕಾರ್ಲೈಲ್ ತಂಡವು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯನ್ನು 27–6ರಿಂದ ಮಣಿಸಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ಡ್ವೈಟ್ ಐಸೆನ್‌ಹೋವರ್ ಸೋತ ತಂಡದಲ್ಲಿದ್ದರು. 1911 ಮತ್ತು 1912ರಲ್ಲಿ ಥೋರ್ಪ್ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು.

1912ರ ಒಲಿಂಪಿಕ್ಸ್

ಸ್ಟಾಕ್‌ಹೋಮ್‌ನಲ್ಲಿ ಥೋರ್ಪ್ ಐದು ಸ್ಪರ್ಧೆಗಳ ಪೆಂಟಾಥ್ಲಾನ್‌ನಲ್ಲಿ ನಾಲ್ಕನ್ನು ಗೆದ್ದು ಮೊದಲಿಗರಾದರು. ಹತ್ತು ಸ್ಪರ್ಧೆಗಳ ಡೆಕಾಥ್ಲಾನ್‌ನಲ್ಲಿ 8,412 ಅಂಕ ಗಳಿಸಿ, ಎರಡನೆಯ ಸ್ಥಾನ ಪಡೆದ ಸ್ವೀಡನ್ನಿನ ಹ್ಯೂಗೊ ವೀಸ್ಲಾಂಡರ್ ಅವರನ್ನು ಸುಮಾರು 700 ಅಂಕಗಳಷ್ಟು ಹಿಂದಿಕ್ಕಿದರು. ತಾಯ್ನಾಡಿಗೆ ಮರಳಿದಾಗ ನ್ಯೂಯಾರ್ಕ್ ನಗರದಲ್ಲಿ ಅವರಿಗೆ ಭವ್ಯ ಮೆರವಣಿಗೆಯ ಸ್ವಾಗತ ದೊರೆಯಿತು.

ಪದಕಗಳ ವಿವಾದ

1913ರ ಜನವರಿಯಲ್ಲಿ ಪತ್ರಿಕೆಯೊಂದು ಥೋರ್ಪ್ 1909 ಮತ್ತು 1910ರಲ್ಲಿ ಉತ್ತರ ಕೆರೊಲಿನಾದಲ್ಲಿ ಹಣ ಪಡೆದು ಬೇಸ್‌ಬಾಲ್ ಆಡಿದ್ದರೆಂದು ವರದಿ ಮಾಡಿತು. ಆ ಕಾಲದ ಅನೇಕ ಕಾಲೇಜು ಆಟಗಾರರು ರಜೆಯ ದಿನಗಳಲ್ಲಿ ಹೀಗೆ ಆಡುತ್ತಿದ್ದರು, ಆದರೆ ಅವರು ಸುಳ್ಳು ಹೆಸರುಗಳನ್ನು ಬಳಸುತ್ತಿದ್ದರು. ಥೋರ್ಪ್ ತಮ್ಮ ನಿಜವಾದ ಹೆಸರಿನಲ್ಲಿಯೇ ಆಡಿದ್ದರು. ಅಮೆರಿಕದ ಹವ್ಯಾಸಿ ಕ್ರೀಡಾ ಒಕ್ಕೂಟಕ್ಕೆ ಪತ್ರ ಬರೆದು ಅವರು ವಿಷಯವನ್ನು ಒಪ್ಪಿಕೊಂಡರು. ನಿಯಮದ ಅರಿವು ತಮಗಿರಲಿಲ್ಲವೆಂದು ವಿನಂತಿಸಿಕೊಂಡರು. ವಿನಂತಿ ಫಲಿಸಲಿಲ್ಲ. ಆಕ್ಷೇಪಣೆಗಳನ್ನು ಕ್ರೀಡಾಕೂಟ ಮುಗಿದ 30 ದಿನಗಳೊಳಗೆ ಸಲ್ಲಿಸಬೇಕೆಂಬ ನಿಯಮವಿದ್ದು, ಆ ಅವಧಿ ಎಂದೋ ಕಳೆದಿತ್ತು. ಆದರೂ ಪದಕಗಳನ್ನು ಹಿಂಪಡೆದು ನಾರ್ವೆಯ ಫರ್ಡಿನಾಂಡ್ ಬೀ ಹಾಗೂ ವೀಸ್ಲಾಂಡರ್ ಅವರನ್ನು ವಿಜೇತರೆಂದು ಘೋಷಿಸಲಾಯಿತು.

ವೃತ್ತಿಪರ ಜೀವನ

ಹವ್ಯಾಸಿ ಸ್ಪರ್ಧೆಗಳ ಬಾಗಿಲು ಮುಚ್ಚಿದ ಮೇಲೆ ಥೋರ್ಪ್ 1913ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಬೇಸ್‌ಬಾಲ್ ತಂಡವನ್ನು ಸೇರಿದರು. 1919ರವರೆಗೆ ಮೇಜರ್ ಲೀಗ್‌ನಲ್ಲಿ ಆಡಿದರು. 1915ರಿಂದ ಒಹಾಯೊದ ಕ್ಯಾಂಟನ್ ಬುಲ್‌ಡಾಗ್ಸ್ ತಂಡದ ಪರ ಫುಟ್‌ಬಾಲ್ ಆಡಿದರು. ಪಂದ್ಯವೊಂದಕ್ಕೆ ಅವರು ಪಡೆಯುತ್ತಿದ್ದ 250 ಡಾಲರ್ ಅಂದಿಗೆ ದೊಡ್ಡ ಮೊತ್ತ. 1920ರಲ್ಲಿ ಹೊಸ ವೃತ್ತಿಪರ ಫುಟ್‌ಬಾಲ್ ಸಂಘವೊಂದು ರಚನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. ಆ ಸಂಘವೇ ಇಂದಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್. 1922 ಮತ್ತು 1923ರಲ್ಲಿ ಮೂಲನಿವಾಸಿ ಆಟಗಾರರೇ ಇದ್ದ ಊರಾಂಗ್ ಇಂಡಿಯನ್ಸ್ ತಂಡವನ್ನು ಮುನ್ನಡೆಸಿದರು. 1928ರಲ್ಲಿ ಫುಟ್‌ಬಾಲ್‌ನಿಂದ ನಿವೃತ್ತರಾದರು.

ಕೊನೆಯ ದಿನಗಳು

ನಿವೃತ್ತಿಯ ಬೆನ್ನಲ್ಲೇ ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತ ಉಂಟಾಯಿತು. ಸಂಸಾರ ಸಾಗಿಸಲು ಥೋರ್ಪ್ ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಮಾಡಿದರು, ಮಣ್ಣು ಅಗೆಯುವ ಕೂಲಿಯನ್ನೂ ಮಾಡಿದರು. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ನಡೆಸಿದ ಸಮೀಕ್ಷೆಯಲ್ಲಿ ಕ್ರೀಡಾ ಬರಹಗಾರರು ಅವರನ್ನು ಶತಮಾನದ ಪೂರ್ವಾರ್ಧದ ಶ್ರೇಷ್ಠ ಕ್ರೀಡಾಪಟುವೆಂದು ಆರಿಸಿದರು. 1951ರಲ್ಲಿ ಅವರ ಜೀವನವನ್ನು ಆಧರಿಸಿದ ಚಲನಚಿತ್ರ ತೆರೆಕಂಡಿತು. ಬರ್ಟ್ ಲ್ಯಾಂಕಾಸ್ಟರ್ ಅದರಲ್ಲಿ ಥೋರ್ಪ್ ಪಾತ್ರ ವಹಿಸಿದರು. ಕ್ಯಾಲಿಫೋರ್ನಿಯಾದ ಲೊಮಿಟಾದಲ್ಲಿ ಹೃದಯಾಘಾತದಿಂದ ಥೋರ್ಪ್ ನಿಧನರಾದರು.

ಮೂರನೆಯ ಪತ್ನಿ ಪೆಟ್ರೀಷಿಯಾ ಅವರ ಪಾರ್ಥಿವ ಶರೀರವನ್ನು ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಪಟ್ಟಣಕ್ಕೆ ಒಪ್ಪಿಸಿದರು. ಅದು ನೆರೆಯ ಪಟ್ಟಣದೊಡನೆ ವಿಲೀನಗೊಂಡು ಜಿಮ್ ಥೋರ್ಪ್ ಎಂಬ ಹೆಸರನ್ನೇ ತಳೆಯಿತು. ಅಸ್ಥಿಯನ್ನು ಒಕ್ಲಹೋಮದ ಬುಡಕಟ್ಟು ನೆಲಕ್ಕೆ ತರಲು ಅವರ ಪುತ್ರರು ನ್ಯಾಯಾಲಯದ ಮೊರೆ ಹೋದರು. ಆದರೆ 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಗೌರವದ ಮರುಸ್ಥಾಪನೆ

1982ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಥೋರ್ಪ್ ಅವರನ್ನು ಬೀ ಮತ್ತು ವೀಸ್ಲಾಂಡರ್ ಅವರೊಂದಿಗೆ ಜಂಟಿ ವಿಜೇತರೆಂದು ಮಾನ್ಯ ಮಾಡಿತು. ಮರುವರ್ಷದ ಜನವರಿಯಲ್ಲಿ ಪದಕಗಳ ಪ್ರತಿಕೃತಿಗಳನ್ನು ಅವರ ಮಕ್ಕಳಿಗೆ ನೀಡಲಾಯಿತು. ಚಿನ್ನದ ಪದಕ ತನಗೆ ಸಲ್ಲಬೇಕಾದುದೆಂದು ವೀಸ್ಲಾಂಡರ್ ಎಂದೂ ಒಪ್ಪಿರಲಿಲ್ಲವೆಂದು ಸ್ವೀಡನ್ನಿನ ಒಲಿಂಪಿಕ್ ಸಮಿತಿ ಹಾಗೂ ಅವರ ಕುಟುಂಬ ತಿಳಿಸಿದವು. ನಾರ್ವೆಯೂ ಥೋರ್ಪ್ ಅವರನ್ನೇ ವಿಜೇತರೆಂದು ಒಪ್ಪಿತು. ಅದರಂತೆ 2022ರ ಜುಲೈನಲ್ಲಿ ಎರಡೂ ಸ್ಪರ್ಧೆಗಳ ಏಕೈಕ ವಿಜೇತರಾಗಿ ಥೋರ್ಪ್ ಅವರ ಹೆಸರು ದಾಖಲಾಯಿತು.